ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ

ಹುಮನಾಬಾದ್
23 ಜೂನ್ 2024, ಐತವಾರ

ಪೂನಂ,

ಜೈಭೀಮ್. ಮದುವೆಯಾದ ಹನ್ನೊಂದು ವರ್ಷದಲ್ಲಿ ನಿನಗೆ ಇದು ನನ್ನ ಮೊದಲ ಕಾಗದ. ಫೋನಿರುವಾಗ ಇದೇನು ಹೊಸದು ಎಂದು ನೀನು ಕೇಳಬಹುದು. ನಾನು ಅಕ್ಕನ ಮನೆಗೆ ಬಂದ ಮೇಲೆ ನಾವು ನಾಲ್ಕು ಸಲ ಫೋನಿನಲ್ಲಿ ಮಾತಾಡಿದೆವು. ನಾಲ್ಕೂ ಸಲ ನಾನೇ ಕೂಗಾಡಿ ಫೋನು ಇಟ್ಟೆ. ಅದಕ್ಕೇ ಮೀರಾಬಾಯಿ ಮೇಡಂ ಸದ್ಯಕ್ಕೆ ಫೋನು ಬೇಡ, ಬರೆಯಿರಿ ಎಂದಿದ್ದಾರೆ.

ಅವರು ಯಾರೆಂದು ಹೇಳುತ್ತೇನೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ನೋಟ್‌ಬುಕ್ಕಿನ ಅಂಗಡಿಯ ಮೇಲೆ ಅವರ ಎರಡು ಕೋಣೆಗಳಿವೆ. ಬೋರ್ಡಿನ ಮೇಲೆ ‘ಮೈಮನಸ್ಸುಗಳ ಸಮಗ್ರ ಚಿಕಿತ್ಸೆ’ ಎಂದು ಬರೆದಿದೆ. ದ್ರೌಪತಿ ಅಕ್ಕ ಕರೆದುಕೊಂಡು ಹೋದಳು. ನಾನು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟೆ.

“ನನಗೇನು ಹುಚ್ಚು ಹಿಡದದೇನು?” ಎಂದೆ.

“ಹುಚ್ಚಲ್ಲೋ ತಮ್ಮಾ. ಊಟಕ್ಕ ಕುಂತಾಗ ನಿನ್ನ ಕಾಲು ಹ್ಯಾಂಗ ಒದೀತದ ನೋಡೀಯೇನು? ನನ್ನ ಎರಡು ತಾಟು ಸೊಟ್ಟ ಆಗ್ಯಾವ,” ಎಂದಳು ಅಕ್ಕ.

ಹಾಗೆ ಹತ್ತಿದೆ. ಮೊದಲ ದಿನ ಮೇಡಂ ಅಪಘಾತದ ಮಾತೇ ಎತ್ತಲಿಲ್ಲ. ಏನು ಉಣ್ಣುತ್ತೀರಿ, ಎಷ್ಟು ನಿದ್ದೆ, ದಿನಕ್ಕೆ ಎಷ್ಟು ನಡೆಯುತ್ತೀರಿ ಎಂದು ಕೇಳಿದರು. ನಡೆಯುವುದೇನೋ ಬಹಳ ನಡೆಯುತ್ತೇನೆ. ಬೆಳಿಗ್ಗೆ ಎದ್ದು ಹೊರಟರೆ ಬಿಸಿಲು ಏರುವ ತನಕ ಹುಮನಾಬಾದಿನ ಒಂದು ಓಣಿ ಬಿಡುವುದಿಲ್ಲ. ಕೂತರೆ ಮೈ ಉರಿದಂತಾಗುತ್ತದೆ.

ಕಾಗದಕ್ಕೆ ಅವರದೊಂದು ಷರತ್ತು ಇದೆ. “ಮಾಫ್ ಮಾಡು ಅಂತ ಬರೀಬ್ಯಾಡ್ರಿ. ಆ ಮಾತು ಬರದ್ರ ನಿಮಗ ಮುಗೀತು ಅನಸ್ತದ, ಅವರಿಗಿ ಅಲ್ಲಿಂದ ಶುರು ಆಗತದ. ಏನಾಯ್ತು ಅಷ್ಟೇ ಬರೀರಿ.”

ಏನಾಯ್ತು ಎಂದು ಬರೆಯುತ್ತೇನೆ. ಪೊಲೀಸರಿಗೆ, ಡಿಪೋದವರಿಗೆ ಹೇಳಿದ್ದೆ. ನಿನಗೆ ಹೇಳಿರಲಿಲ್ಲ. ಜನವರಿ ಒಂಬತ್ತು, ಬೆಳಿಗ್ಗೆ ಏಳೂವರೆ. ಬಸ್ಸು ನಡೆಸುತ್ತ ಮನ್ನಾಏಖೇಳ್ಳಿ ದಾಟಿ ಹೋಗುತ್ತಿದ್ದೆ. ಮಂಜಿತ್ತು, ಗಾಡಿ ಮೂವತ್ತೈದರ ಮೇಲೆ ಇರಲಿಲ್ಲ. ನಿರ್ಣಾ ಕಡೆಯಿಂದ ಒಂದು ಬೈಕು ಹೈವೇಗೆ ನುಗ್ಗಿತು. ಗಂಡ ಮುಂದೆ, ಹೆಂಡತಿ ಹಿಂದೆ. ನಾನು ಬ್ರೇಕು ತುಳಿದೆ, ಎದ್ದು ನಿಂತು ತುಳಿದೆ. ಕಂಡಕ್ಟರ್ ಬಕ್ಕಪ್ಪ ಮುಂದಿನ ಗಾಜಿಗೆ ಹೋಗಿ ಬಡಿದ. ಗಾಡಿ ನಿಂತಿತು. ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲಿಲ್ಲ. ಗಂಡ ಬದುಕಿದ.

ನನ್ನ ತಪ್ಪಿಲ್ಲ ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ಅದನ್ನು ನೀನು ಓದಿದ್ದೀಯ.

ಪ್ರಣಿತಾಳ ಕೈ ಹೇಗಿದೆ?

ಕಪಿಲ


ಬಸವಕಲ್ಯಾಣ
2 ಜುಲೈ 2024

ಪ್ರಣಿತಾಳ ಪಪ್ಪಾ ಅವರಿಗೆ,

ಕಾಗದ ತಲುಪಿತು.

ಕೈ ವಾಸಿಯಾಗಿದೆ. ಮೊಣಕೈ ಜಾರಿತ್ತು, ಕೂರಿಸಿದರು, ಹದಿನೈದು ದಿನ ಜೋಳಿಗೆ ಕಟ್ಟಿದ್ದರು. ಈಗ ಶಾಲೆಗೆ ಹೋಗುತ್ತಾಳೆ. ಎಡಗೈಯಲ್ಲಿ ಬರೆಯುವುದನ್ನು ಕಲಿತುಬಿಟ್ಟಿದ್ದಾಳೆ, ಈಗ ಬಲಗೈಗೆ ಮರಳು ಎಂದರೆ ಕೇಳುವುದಿಲ್ಲ. ಎರಡನೇ ಇಯತ್ತೆಯ ಟೀಚರ್ ಬೈದಿದ್ದಾರೆ.

ನೀವು ಶಾಲೆಯ ಗೇಟಿನ ಹತ್ತಿರ ಒಮ್ಮೆ ಬಂದು ನಿಂತಿದ್ದಿರಂತೆ, ಆಟೋದ ಅಜೀಮುದ್ದೀನ್ ಭಾಯಿ ಹೇಳಿದರು. ಇನ್ನೊಮ್ಮೆ ಹೇಳದೆ ಬರಬೇಡಿ. ಅವಳು ನೋಡಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಓಡಿ ಬರುತ್ತಿದ್ದಳೋ, ಓಡಿ ಹೋಗುತ್ತಿದ್ದಳೋ.

ನಾನು ದಿನವೂ ಮಂಠಾಳಕ್ಕೆ ಹೋಗಿ ಬರುತ್ತಿದ್ದೇನೆ. ಪಂಚಾಯಿತಿ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದಿವೆ, ನಂಬರು ಹಾಕುವ ಕೆಲಸ. ಬಸ್ಸಿನಲ್ಲಿ ಮೊದಲೆಲ್ಲ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಈಗ ಕೊನೆಯ ಸೀಟಿಗೆ ಹೋಗುತ್ತೇನೆ.

ನೀವು ನಿಮ್ಮ ಕಾಗದದಲ್ಲಿ ಜನವರಿ ಒಂಬತ್ತರ ಬಗ್ಗೆ ಬರೆದಿರಿ. ಜೂನ್ ಒಂದರ ಬಗ್ಗೆ ಬರೆಯಲಿಲ್ಲ.

ಪೂನಂ


ಹುಮನಾಬಾದ್
15 ಜುಲೈ 2024

ಪೂನಂ,

ನಿನ್ನ ಕೊನೆಯ ಸಾಲನ್ನು ಮೇಡಂಗೆ ತೋರಿಸಿದೆ. “ಅವರು ಸರಿ ಕೇಳ್ಯಾರ,” ಎಂದರು. ಆದರೆ ಬರೆಯಲು ಕೂತರೆ ಆಗುತ್ತಿಲ್ಲ, ಮೂರು ಸಲ ಎದ್ದೆ. ಮೊದಲು ಕಾಲಿನದನ್ನು ಬರೆಯುತ್ತೇನೆ.

ನಾಲ್ಕು ಸಲ ಹೋಗಿ ಬಂದೆ. ಗುರುವಾರ ಸಂಜೆ ನಾಲ್ಕಕ್ಕೆ ನನ್ನ ಪಾಳಿ. ತಿಂಗಳಿಗೆರಡು ಸಲ ಬೀದರಿನಿಂದ ಮನೋರೋಗದ ಡಾಕ್ಟರು ಬರುತ್ತಾರೆ, ಅವರು ನಿದ್ದೆಗೆ, ಗಾಬರಿಗೆ ಗುಳಿಗೆ ಕೊಟ್ಟಿದ್ದಾರೆ. ಉಳಿದದ್ದೆಲ್ಲ ಮೇಡಂ ಅವರದು. ನಾನು ಗುಳಿಗೆಯೊಂದೇ ಸಾಕಲ್ಲ ಎಂದು ಕೇಳಿದ್ದಕ್ಕೆ ಅವರು ನಕ್ಕರು. “ತಲಿಗೊಬ್ಬರು, ಕಾಲಿಗೊಬ್ಬರು, ಸಂಸಾರಕ್ಕೊಬ್ಬರು ಅಂತ ಡಾಕ್ಟರ್‌ನ ಹುಡುಕಲಿಕ್ಕ ಹೋದ್ರ ನೀವು ತಿರುಗೋದ್ರಾಗೇ ಮುಗೀತೀರಿ. ನೀವು ಒಬ್ಬರೇ ಮನಶ್ಯಾ ಇದ್ದೀರಿ, ಒಂದೇ ಕಡಿ ಕುಂತು ನೋಡೋಣು.”

ಈ ಗುರುವಾರ ಹೀಗಾಯಿತು. ಕೆಳಗೆ ನಿಲ್ದಾಣದಲ್ಲಿ ಯಾವುದೋ ಗಾಡಿ ಜೋರಾಗಿ ಹಾರ್ನು ಹೊಡೆಯಿತು. ನನ್ನ ಬಲಗಾಲು ತಾನೇ ಮುಂದೆ ಚಾಚಿ ಅವರ ಮೇಜನ್ನು ಒದೆಯಿತು. ನೀರಿನ ಗಿಲಾಸು ಬಿತ್ತು. ನನಗೆ ನಾಚಿಕೆಯಾಗಿ ಎದ್ದು ಹೊರಟೆ. “ಹೋಗಬ್ಯಾಡ್ರಿ. ಈಗ ಕಾಲು ಏನ್ ಮಾಡಾಕತ್ತದ?” ಎಂದು ಕೇಳಿದರು.

“ಬ್ರೇಕ್ ತುಳ್ಯಾಕತ್ತದ್ರಿ.”

“ತುಳೀಲಿ. ಆ ಗ್ವಾಡಿಗಿ ಕಾಲಿಟ್ಟು ಪೂರಾ ತುಳೀರಿ. ಅರ್ಧಕ್ಕ ತಡೀಬ್ಯಾಡ್ರಿ.”

ಕುರ್ಚಿಯನ್ನು ಗೋಡೆಗೆ ಎದುರು ಹಾಕಿದರು. ನಾನು ತುಳಿದೆ. ತೊಡೆ ನಡುಗುವ ತನಕ ತುಳಿದೆ. ಆಮೇಲೆ ನಿಧಾನ ಬಿಡಿ ಎಂದರು, ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ ಎಂದರು, ಕೋಣೆಯಲ್ಲಿ ಕಾಣುವುದನ್ನು ಒಂದೊಂದೇ ಹೆಸರು ಹಿಡಿದು ಹೇಳಿ ಎಂದರು. ಕ್ಯಾಲೆಂಡರ್, ಫ್ಯಾನು, ಚಪ್ಪಲಿ, ಹಸಿರು ಬಕೀಟು ಎಂದು ಹೇಳುತ್ತ ಹೋದೆ. ಬಕೀಟು ಎನ್ನುವಾಗ ಅಳು ಬಂತು. ಏಕೆ ಬಕೀಟಿಗೆ ಅಳಬೇಕು, ಹೇಳು.

“ಆರು ತಿಂಗಳಾತು. ಬಸ್ ನಿಂತು ಆರು ತಿಂಗಳಾತು ಅಂತ ನಿಮ್ಮ ತಲಿಗಿ ಗೊತ್ತದ. ಕಾಲಿಗಿ ಇನ್ನೂ ಸುದ್ದಿ ಮುಟ್ಟಿಲ್ಲ,” ಎಂದರು.

ದಿನಕ್ಕೆರಡು ಸಲ ಮನೆಯಲ್ಲೂ ಇದನ್ನು ಮಾಡಬೇಕು. ಅಕ್ಕನ ಗೋಡೆಯ ಮೇಲೆ ನನ್ನ ಹೆಜ್ಜೆಯ ಕರೆ ಬಿದ್ದಿದೆ.

ಜೂನ್ ಒಂದರದು ಮುಂದಿನ ಕಾಗದದಲ್ಲಿ.

ಕಪಿಲ


ಹುಮನಾಬಾದ್
11 ಆಗಸ್ಟ್ 2024

ಪೂನಂ,

ನಾಲ್ಕು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಮೊನ್ನೆ ಬಕ್ಕಪ್ಪ ಬಂದಿದ್ದ. ಕಲ್ಯಾಣದ ನಿಲ್ದಾಣದಲ್ಲಿ ನಿನ್ನನ್ನು ನೋಡಿದನಂತೆ, ನಗುತ್ತ ಯಾರೊಡನೆಯೋ ಮಾತಾಡುತ್ತಿದ್ದೆಯಂತೆ. ಚೆನ್ನಾಗಿರು.

ಇಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಾರೆ. ನನ್ನ ಕಾಲಿನ ಬಗ್ಗೆ, ಗೋಡೆಯ ಬಗ್ಗೆ, ಅಳುವಿನ ಬಗ್ಗೆ ಬರೆದೆ. ಒಬ್ಬ ಗಂಡಸು ಇಷ್ಟು ಬಿಚ್ಚಿ ಬರೆದ ಮೇಲೆ ಉತ್ತರ ಬರೆಯಬೇಡವೇ? ಜೂನ್ ಒಂದು, ಜೂನ್ ಒಂದು ಎನ್ನುತ್ತೀಯ. ಸರಿ. ಮನೆ ಮುಂದೆ ಪ್ರಣಿತಾ ಚೆಂಡಿನ ಹಿಂದೆ ರಸ್ತೆಗೆ ಓಡಿದಳು. ಆ ಕಡೆಯಿಂದ ಟಂಟಂ ಆಟೋ ಬರುತ್ತಿತ್ತು. ಅವಳ ಕೈ ಹಿಡಿದು ಎಳೆದೆ. ಎಳೆಯದಿದ್ದರೆ ಏನಾಗುತ್ತಿತ್ತು? ನನ್ನ ಜಾಗದಲ್ಲಿ ನೀನಿದ್ದರೆ ಎಳೆಯುತ್ತಿರಲಿಲ್ಲವೇ?

ಆ ಸಂಜೆ ಮಾತಾಡಿದವನು ನಾನೊಬ್ಬನೇ ಅಲ್ಲ. ಓಣಿಯವರೆಲ್ಲ ಕೇಳುವಂತೆ ನೀನೂ ಒಂದು ಮಾತು ಅಂದೆ. ಅದನ್ನು ನಿನ್ನ ಕಾಗದದಲ್ಲಿ ನೀನು ಬರೆದಿಲ್ಲ.

ಮೇಡಂಗೆ ಈ ಕಾಗದ ತೋರಿಸುವುದಿಲ್ಲ. ಈಗಲೇ ಡಬ್ಬಿಗೆ ಹಾಕಿ ಬರುತ್ತೇನೆ, ಇಲ್ಲದಿದ್ದರೆ ಹರಿದುಹಾಕುತ್ತೇನೆ.

ಕಪಿಲ


ಬಸವಕಲ್ಯಾಣ
19 ಆಗಸ್ಟ್ 2024

ಪ್ರಣಿತಾಳ ಪಪ್ಪಾ ಅವರಿಗೆ,

ಹರಿದುಹಾಕದೆ ಕಳಿಸಿದ್ದು ಒಳ್ಳೆಯದಾಯಿತು. ಇಷ್ಟು ದಿನ ನಾನು ಬರೆದು ಕಳಿಸದ ಕಾಗದಗಳು ಐದಿವೆ. ಗ್ರಂಥಾಲಯದ ಕಪಾಟಿನಲ್ಲಿ ಹಳೆಯ ಗೆಜೆಟಿಯರ್ ಒಳಗೆ ಇಟ್ಟಿದ್ದೇನೆ, ಅದನ್ನು ಯಾರೂ ತೆರೆಯುವುದಿಲ್ಲ.

ನೀವು ಎಳೆದಿರಿ. ಎಳೆದದ್ದಕ್ಕೆ ನಾನು ಯಾವತ್ತೂ ತಪ್ಪು ಹೇಳಿಲ್ಲ. ಟಂಟಂ ಹೋಯಿತು. ಅವಳು ಬದುಕಿದ್ದಳು, ನಿಮ್ಮ ಪಕ್ಕದಲ್ಲೇ ನಿಂತಿದ್ದಳು. ಅಲ್ಲಿಂದ ಆಚೆಯದನ್ನು ನೀವು ಬರೆಯಲಿಲ್ಲ. ನೀವು ಕೈ ಬಿಡಲಿಲ್ಲ. ಅವಳನ್ನು ಅಲುಗಾಡಿಸಿದಿರಿ. “ಕಾಣಲ್ಲೇನ್ ನಿನಗ, ಕಾಣಲ್ಲೇನ್” ಎಂದು ಮತ್ತೆ ಮತ್ತೆ ಕೂಗಿದಿರಿ. ಅವಳ ಮುಖ ನೋಡಿಯೂ ಬೇರೆ ಯಾರನ್ನೋ ಕೇಳುತ್ತಿದ್ದಿರಿ. “ಪಪ್ಪಾ, ಕೈ ನೋಯ್ತದ” ಎಂದು ಅವಳು ಎಷ್ಟು ಸಲ ಹೇಳಿದಳೋ. ನಿಮ್ಮ ಒಂದೊಂದೇ ಬೆರಳು ಬಿಡಿಸಿದವಳು ನಾನು. ಮೊಣಕೈ ಎಳೆತಕ್ಕೆ ಜಾರಿತೋ ಅಲುಗಾಟಕ್ಕೆ ಜಾರಿತೋ ಡಾಕ್ಟರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತು.

ಆಗ ನಾನು ಆ ಮಾತು ಅಂದೆ. ಬರೆಯುತ್ತೇನೆ, ನೀವು ಬರೆಯುವ ತನಕ ಕಾಯುವುದಿಲ್ಲ. ನಿಮಗೆ ಎಂದೂ ಏಕವಚನ ಆಡದವಳು “ಖೂನಿ ಇದ್ದೀ ನೀ” ಎಂದೆ. ಕೊಲೆ ಮಾಡಿದವನು ಎಂದು. ಒಂದು ಸಲವಲ್ಲ, ಎರಡು ಸಲ. ಪಕ್ಕದ ಮನೆಯ ಪಂಡರಿ ಕಾಕಾ ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಿಮ್ಮ ಕೈ ಆಗಲೇ ಸಡಿಲಾಗಿತ್ತು. ಮಗುವನ್ನು ಬಿಡಿಸಿಕೊಳ್ಳಲು ಆ ಮಾತು ಬೇಕಿರಲಿಲ್ಲ. ನೋಯಲಿ ಎಂದೇ ಅಂದೆ. ಐದು ತಿಂಗಳಿಂದ ನಿಮ್ಮ ಕಾಲಿನ ಸಪ್ಪಳ ಗೇಟಿನಲ್ಲಿ ಕೇಳಿದರೆ ಪ್ರಣಿತಾ ಟಿವಿಯ ಸದ್ದು ಕಡಿಮೆ ಮಾಡುತ್ತಿದ್ದಳು, ನಾನು ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಒಲೆ ಆರಿಸುತ್ತಿದ್ದೆ. ನಿಮಗೆ ಸದ್ದಾಗಬಾರದು ಎಂದು ನಾವಿಬ್ಬರೂ ನಮ್ಮ ಮನೆಯಲ್ಲೇ ತುದಿಗಾಲಲ್ಲಿ ನಡೆಯುತ್ತಿದ್ದೆವು. ಏನಾಯಿತು ಎಂದು ಕೇಳಿದರೆ “ಏನಿಲ್ಲ” ಎನ್ನುತ್ತಿದ್ದಿರಿ. ಆ ಐದು ತಿಂಗಳೆಲ್ಲ ಸೇರಿ ಒಂದು ಮಾತಾಗಿ ಬಂತು.

ಆ ಮಾತು ಸುಳ್ಳು. ನನ್ನ ಹೆದರಿಕೆ ಸುಳ್ಳಲ್ಲ. ಎರಡನ್ನೂ ಒಟ್ಟಿಗೇ ಓದಿ.

ಬಕ್ಕಪ್ಪಣ್ಣ ನೋಡಿದ ದಿನ ನಾನು ನಗುತ್ತಿದ್ದೆ, ನಿಜ. ಮಂಠಾಳದ ಒಬ್ಬ ಅಜ್ಜಿ ಮೊದಲ ಸಲ ತನ್ನ ಹೆಸರು ತಾನೇ ಬರೆದಿದ್ದಳು. ಅದನ್ನು ಮನೆಗೆ ಹೋಗಿ ಯಾರಿಗೂ ಹೇಳಲಾಗಲಿಲ್ಲ.

ಪೂನಂ


ಹುಮನಾಬಾದ್
8 ಸೆಪ್ಟೆಂಬರ್ 2024

ಪೂನಂ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಎರಡು ವಾರ ತಿರುಗಿದೆ. ನೀನು ಬರೆದದ್ದೆಲ್ಲ ಆಗಿದೆ. ನಾನು ಕೇಳುತ್ತಿದ್ದದ್ದು ಪ್ರಣಿತಾಳನ್ನಲ್ಲ, ಬೈಕಿನವನನ್ನು. ನಾನು ಹಿಡಿದದ್ದು ಮಾತ್ರ ನನ್ನ ಮಗಳ ಕೈ.

ಈಗ ಒಂದು ಕೆಲಸ ಮಾಡಿ ಕೆಡಿಸಿಕೊಂಡಿದ್ದೇನೆ. ಗುರುವಾರ ಮೇಡಂ ಹತ್ತಿರ ಹೋಗದೆ ನಿರ್ಣಾಕ್ಕೆ ಹೋದೆ.

ಹೋಗಬೇಕೆಂದು ಹಿಂದೆಯೇ ಅವರಿಗೆ ಹೇಳಿದ್ದೆ. “ಯಾರ ಸಲುವಾಗಿ ಹೊಂಟೀರಿ, ಅವರ ಸಲುವಾಗಿನೋ ನಿಮ್ಮ ಸಲುವಾಗಿನೋ? ಅದರ ಜವಾಬು ಸಿಗೋತನಕ ನಿಲ್ರಿ,” ಎಂದಿದ್ದರು. ನಿಲ್ಲುವುದು ನನ್ನಿಂದಾಗಲಿಲ್ಲ.

ಆ ಬೈಕಿನವನ ಹೆಸರು ಮಚ್ಚೇಂದ್ರ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ತೊಗರಿಗೆ ಔಷಧ ಹೊಡೆಯುವ ಪಂಪು ಬಿಚ್ಚಿ ರಿಪೇರಿ ಮಾಡುತ್ತ ಕೂತಿದ್ದ. ಒಂದು ಕಾಲು ಇನ್ನೂ ಸರಿಯಾಗಿ ಮಡಚುವುದಿಲ್ಲ. ಒಳಗಿಂದ ಅವನ ತಾಯಿ ಬಂದು ಯಾರು ಏನು ಕೇಳದೆ ನೀರು ಕೊಟ್ಟಳು. ನಾನು ಕುಡಿದೆ. ಆಮೇಲೆ ಯಾರೆಂದು ಹೇಳಿದೆ.

ಅವನು ಪಂಪಿನ ವಾಷರನ್ನು ಕೆಳಗಿಟ್ಟ. “ಯಾಕ ಬಂದೀ?” ಎಂದ.

“ನಿಮ್ಮನ್ನ ನೋಡಬೇಕಂತ...”

“ನೋಡಿದಿ. ಮತ್ತ?”

ನಾನು ನೀರಿನ ಗಿಲಾಸು ಕೆಳಗಿಟ್ಟೆ. ಅವನೇ ಕೇಳಿದ, “ಆಕಿ ಹೆಸರು ಗೊತ್ತದೇನು ನಿನಗ?”

ಗೊತ್ತಿತ್ತು ಪೂನಂ. ಪ್ರಯಾಗಬಾಯಿ. ಪಂಚನಾಮೆಯಲ್ಲಿ ಓದಿದ್ದೆ, ದಿನವೂ ನೆನೆಯುತ್ತೇನೆ. ಅವನ ಮುಂದೆ ನನ್ನ ಬಾಯಿಂದ ಬರಲಿಲ್ಲ. ಗೊತ್ತಿಲ್ಲ ಎಂದು ಅವನು ತಿಳಿದುಕೊಂಡ.

“ಗಾಡಿ ನಾನೇ ರೋಡಿಗಿ ಹಾಕಿದ್ದು. ಅದು ನನಗ ಗೊತ್ತದ, ಊರಿಗೂ ಗೊತ್ತದ. ನೀ ಬಂದು ನೆಂಪ್ ಮಾಡೋದು ಬ್ಯಾಡ. ನಿನ್ನ ಎದಿ ಹಗುರ ಮಾಡ್ಕೊಳ್ಳಾಕ ನನ್ನ ಮನಿ ಏನು ದವಾಖಾನೀನಾ? ನಡೀ ಇಲ್ಲಿಂದ,” ಎಂದ. ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿರ್ಣಾದಿಂದ ಮನ್ನಾಏಖೇಳ್ಳಿ ತನಕ ನಡೆದೇ ಬಂದೆ. ಬಸ್ ಸ್ಟಾಪಿನಲ್ಲಿ ಗಾಡಿ ಬಂದವು ಹೋದವು, ಹತ್ತಲಾಗಲಿಲ್ಲ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರೆ ಬೆವರು ಬರುತ್ತಿತ್ತು. ಸಂಜೆಗೆ ಬಕ್ಕಪ್ಪನ ಗಾಡಿ ಬಂತು. ಅವನು ಇಳಿದು ಬಂದು ಪ್ರಯಾಣಿಕರ ಮುಂದೆಯೇ ನನ್ನ ತೋಳು ಹಿಡಿದು ಹತ್ತಿಸಿ ತನ್ನ ಸೀಟಿನಲ್ಲಿ ಕೂರಿಸಿದ. ಹುಮನಾಬಾದ್ ತನಕ ನಿಂತೇ ಬಂದ.

ಇನ್ನು ಮೇಡಂ ಹತ್ತಿರ ಹೋಗುವುದಿಲ್ಲ. ಏನು ಮುಖ ಇಟ್ಟುಕೊಂಡು ಹೋಗಲಿ? ನನಗೆ ಯಾವುದೂ ಹತ್ತುವುದಿಲ್ಲ. ನೀನು ನಿನ್ನ ದಾರಿ ನೋಡಿಕೊಂಡರೆ ನಾನು ಅಡ್ಡ ಬರುವುದಿಲ್ಲ.

ಕಪಿಲ


ಬಸವಕಲ್ಯಾಣ
30 ಸೆಪ್ಟೆಂಬರ್ 2024

ಪ್ರಣಿತಾಳ ಪಪ್ಪಾ ಅವರಿಗೆ,

ಮೊನ್ನೆ ಶನಿವಾರ ಮೇಡಂ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ಆದರೂ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ನನಗೆ ಅರ್ಧ ಮಾತಾಡಲೂ ಆಗಲಿಲ್ಲ.

ದ್ರೌಪತಿ ಅಕ್ಕ ಫೋನು ಮಾಡಿ ಅತ್ತರು. “ಎರಡು ಗುರುವಾರ ತಪ್ಪಿಸ್ಯಾನವ್ವಾ, ಗುಳಿಗಿ ಕಿಡಕಿಯಿಂದ ಒಗದಾನ. ನೀ ಬಂದು ಸಂಸಾರ ಮಾಡು ಅನ್ನಾಂಗಿಲ್ಲ ನಾ, ಒಮ್ಮಿ ಆ ಮೀರಾಬಾಯಿ ಹತ್ರ ಕುಂತು ಹೋಗು,” ಎಂದರು. ಅವರು ಸಂಸಾರ ಮಾಡು ಎಂದಿದ್ದರೆ ನಾನು ಬರುತ್ತಿರಲಿಲ್ಲ.

ನೀವು ಬರುವ ಮುಂಚೆ ಮೇಡಂ ನನ್ನೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ನಿಮ್ಮ ಬಗ್ಗೆ ಕೇಳುತ್ತಾರೆ ಎಂದುಕೊಂಡಿದ್ದೆ. “ನೀವು ಉಸಿರು ಹಿಡದು ಕುಂತೀರಲ್ಲಾ, ಯಾವಾಗಿಂದ?” ಎಂದರು. ನೋಡಿಕೊಂಡರೆ ನಿಜವಾಗಿಯೂ ಹಿಡಿದಿದ್ದೆ. ಯಾವಾಗಿನಿಂದ ಎಂದು ನನಗೇ ತಿಳಿಯಲಿಲ್ಲ. “ಗಾಯ ಆದವರ ಜೋಡಿ ಇರೋರಿಗೂ ಗಾಯ ಆಗಿರ್ತದ್ರಿ. ಅದನ್ನ ಯಾರೂ ಕೇಳಂಗಿಲ್ಲ,” ಎಂದರು.

ಆಮೇಲೆ ನೀವು ಬಂದಿರಿ. ಗಡ್ಡ ಬಿಟ್ಟಿದ್ದಿರಿ. ಬಂದವರು ಕೂರದೆ ಗೋಡೆಗೆ ಆತುಕೊಂಡು ನಿಂತಿರಿ. ನಿರ್ಣಾಕ್ಕೆ ಹೋದದ್ದಕ್ಕೆ ಮೇಡಂ ಬೈಯುತ್ತಾರೆ ಎಂದು ನೀವು ಕಾದಿದ್ದಿರಿ ಅಲ್ಲವೇ? ಅವರು ಬೈಯಲಿಲ್ಲ. “ಆ ಮನಶ್ಯಾ ನಿಮಗ ಖರೇ ಹೇಳ್ಯಾನ. ಅದು ಅವನ ದುಃಖ, ಅದನ್ನ ನೀವು ಬಿಡಸಲಿಕ್ಕ ಆಗಂಗಿಲ್ಲ. ನಿಮ್ಮದು ಇಲ್ಲದ, ಈ ಕೋಣ್ಯಾಗ,” ಎಂದರು. ನಂತರ ಎರಡು ಕುರ್ಚಿ ತಂದರು.

ನನ್ನ ಕುರ್ಚಿಯನ್ನು ನನಗೆ ಬೇಕಾದಲ್ಲಿ ಹಾಕಿಕೊಳ್ಳಲು ಹೇಳಿದರು. ನಾನು ಬಾಗಿಲಿಗೆ ಹತ್ತಿಸಿ ಹಾಕಿದೆ. ನಿಮ್ಮ ಕುರ್ಚಿ ಎಲ್ಲಿರಬೇಕು ಎಂದೂ ನನ್ನನ್ನೇ ಕೇಳಿದರು. ಕಿಟಕಿಯ ಹತ್ತಿರ ಎಂದೆ. ಆ ಕೋಣೆಯಲ್ಲಿ ಅದಕ್ಕಿಂತ ದೂರದ ಜಾಗವಿರಲಿಲ್ಲ. ನಿಮ್ಮ ಮುಖ ಬಾಡಿದ್ದು ಕಂಡಿತು. ನನ್ನ ಬಾಯಿಗೆ “ಇರ್ಲಿ ಬಿಡ್ರಿ, ಹತ್ರ ಬರ್ಲಿ” ಎಂದು ಬಂತು. ಮೇಡಂ ಕೈ ಎತ್ತಿದರು. “ಅವರ ಮುಖ ನೋಡಿ ಹೇಳಬ್ಯಾಡ್ರಿ. ನಿಮ್ಮ ಹೊಟ್ಟಿ ಏನ್ ಅನ್ನಾಕತ್ತದ ಅದನ್ನ ಕೇಳಿ ಹೇಳ್ರಿ.”

ಹೊಟ್ಟೆ ಬೇಡ ಎನ್ನುತ್ತಿತ್ತು. ಹಾಗೇ ಹೇಳಿದೆ.

ಅರ್ಧ ತಾಸು ನಾವು ಹಾಗೇ ಕೂತಿದ್ದೆವು. ನಿಮ್ಮ ಕಾಲು ಎರಡು ಸಲ ಮುಂದೆ ಚಾಚಿತು. ಎರಡು ಸಲವೂ ನೀವು ಅದನ್ನು ಗೋಡೆಗೆ ಒತ್ತಿ, ನಿಧಾನ ಬಿಟ್ಟಿರಿ. ಕಾಗದದಲ್ಲಿ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ. ಆಗ ನಾನೇ “ಒಂದು ಗೇಣು ಮುಂದೆ” ಎಂದೆ. ನೀವು ಕುರ್ಚಿ ಎತ್ತಿ ಒಂದೇ ಗೇಣು ಮುಂದಿಟ್ಟಿರಿ, ಹೆಚ್ಚಿಲ್ಲ.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಸಿಟ್ಟಿನ ದಿನಗಳಿಗಿಂತ ಒಳ್ಳೆಯ ದಿನಗಳಿಗೆ ನಾನು ಹೆಚ್ಚು ಹೆದರುತ್ತೇನೆ. ಒಳ್ಳೆಯ ದಿನ ಬಂದರೆ ನಾನು ಎಲ್ಲ ಮರೆತು ನಂಬಿಬಿಡುತ್ತೇನೆ. ಆದ್ದರಿಂದ ಬೇಗ ಒಳ್ಳೆಯವರಾಗಿ ತೋರಿಸಬೇಡಿ. ಗುರುವಾರ ತಪ್ಪಿಸಬೇಡಿ. ಗುಳಿಗೆ ಒಗೆಯಬೇಡಿ. ನನ್ನ ದಾರಿ ನಾನು ನೋಡಿಕೊಳ್ಳಲಿ ಎಂದು ಇನ್ನೊಮ್ಮೆ ಬರೆಯಬೇಡಿ. ಅದು ನನಗೆ ಗೊತ್ತಿದೆ.

ನಾನೂ ಹದಿನೈದು ದಿನಕ್ಕೊಮ್ಮೆ ಶನಿವಾರ ಅವರ ಹತ್ತಿರ ಬರುತ್ತೇನೆ. ನನ್ನ ಸಲುವಾಗಿ.

ಪೂನಂ


ಹುಮನಾಬಾದ್
27 ಅಕ್ಟೋಬರ್ 2024

ಪೂನಂ,

ಎರಡು ಸುದ್ದಿ ಇವೆ.

ಒಂದು, ಡಿಪೋದ್ದು. ಮೂರು ವಾರದಿಂದ ಬಕ್ಕಪ್ಪ, ಮೇಡಂ ಇಬ್ಬರೂ ನನ್ನೊಡನೆ ಡಿಪೋಕ್ಕೆ ಬರುತ್ತಿದ್ದರು. ಮ್ಯಾನೇಜರ್ ಒಪ್ಪಿ, ಅಂಗಳದ ಮೂಲೆಯಲ್ಲಿ ನಿಂತ ಒಂದು ಗಾಡಿ ತೋರಿಸಿದ್ದರು. ಮೊದಲ ದಿನ ಗಾಡಿಯ ಸುತ್ತ ನಡೆದೆ, ಅಷ್ಟೆ. ಎರಡನೇ ಸಲ ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ. ಕೊನೆಗೆ ಸ್ಟೇರಿಂಗ್ ಮುಂದೆ ಕೂತೆ. ಬಕ್ಕಪ್ಪ ಆ ದಿನ ತಾನಿದ್ದ ಜಾಗದಲ್ಲೇ ನಿಂತ. ನಾನು ಬ್ರೇಕಿನ ಮೇಲೆ ಕಾಲಿಟ್ಟೆ, ತುಳಿದೆ, ತೆಗೆದೆ. ಕಾಲು ಸುಮ್ಮನಿತ್ತು. ಬಕ್ಕಪ್ಪ ಅಳತೊಡಗಿದ. “ಆ ದಿನಾ ನಾ ಸೀಟಿ ಹೊಡದಿದ್ದರ ಅಂತ ನನಗೂ ಅನಸ್ತದೋ ಕಪಿಲಾ,” ಎಂದ. ಹತ್ತು ತಿಂಗಳು ಅವನು ಇದನ್ನು ಯಾರಿಗೂ ಹೇಳಿರಲಿಲ್ಲ. ನಾನು ಒಮ್ಮೆಯೂ ಕೇಳಿರಲಿಲ್ಲ.

ಡಾಕ್ಟರು ಡ್ಯೂಟಿಗೆ ಸೈ ಎಂದು ಬರೆದುಕೊಟ್ಟರು. ಎಲ್ಲರೂ ಖುಷಿಯಾದರು. ಆದರೆ ಪೂನಂ, ಗಾಡಿ ನಡೆಸಬಲ್ಲೆ ಎಂದು ತಿಳಿದ ದಿನವೇ ನಡೆಸುವುದು ಬೇಡ ಎಂದು ನಿಶ್ಚಯಿಸಿದೆ. ಹೆದರಿ ಬಿಟ್ಟರೆ ಓಡಿಹೋದಂತೆ ಆಗುತ್ತಿತ್ತು. ಇದು ಹಾಗಲ್ಲ. ಮ್ಯಾನೇಜರಿಗೆ ಬರೆದುಕೊಟ್ಟೆ. ಹುಮನಾಬಾದಿನ ನಿಲ್ದಾಣದಲ್ಲಿ ಕಂಟ್ರೋಲರ್ ಕೋಣೆಗೆ ಹಾಕಿದ್ದಾರೆ. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ದಿನಕ್ಕೆ ಇಪ್ಪತ್ತು ಸಲವಾದರೂ ಬಸವಕಲ್ಯಾಣ ಎಂದು ಕೂಗುತ್ತೇನೆ.

ತಿರುಗುವುದು ಪೂರ್ತಿ ನಿಂತಿಲ್ಲ. ಊಟದ ಬಿಡುವಿನಲ್ಲಿ ಈಗಲೂ ನಿಲ್ದಾಣದ ಸುತ್ತ ನಾಲ್ಕು ಸುತ್ತು ಹಾಕುತ್ತೇನೆ. ಮೊನ್ನೆ ಒಬ್ಬ ಡ್ರೈವರ್ ಮೇಲೆ ಸುಮ್ಮನೆ ರೇಗಿದೆ. ಆಮೇಲೆ ಹೋಗಿ ತಪ್ಪು ನನ್ನದೆಂದು ಅವನಿಗೆ ಹೇಳಿದೆ. ಮುಂಚೆ ಹೇಳುತ್ತಿರಲಿಲ್ಲ.

ಎರಡನೆಯದು, ಇದರ ಜೊತೆ ಪ್ರಣಿತಾಳಿಗೊಂದು ಚೀಟಿ ಇಟ್ಟಿದ್ದೇನೆ. ಓದಿ ನೋಡು. ಅವಳಿಗೆ ಕೊಡುವುದೋ ಬೇಡವೋ ನಿನ್ನ ಮೇಲಿದೆ.

ಕಪಿಲ

*

ಪ್ರಣಿತಾ,

ಆ ದಿನ ಪಪ್ಪಾ ನಿನ್ನ ಕೈ ಬಿಡಲಿಲ್ಲ. ನೀನು ನೋಯುತ್ತದೆ ಎಂದು ಹೇಳಿದೆ, ಆದರೂ ಬಿಡಲಿಲ್ಲ. ಅದು ಪಪ್ಪಾನ ತಪ್ಪು. ನೀನು ರಸ್ತೆಗೆ ಓಡಿದ್ದರಿಂದ ಪಪ್ಪಾ ಹಾಗೆ ಮಾಡಿದ ಎಂದು ತಿಳಿಯಬೇಡ. ಪಪ್ಪಾ ಮನೆಯಲ್ಲಿಲ್ಲದಿರುವುದೂ ನಿನ್ನಿಂದಲ್ಲ. ಪಪ್ಪಾನಿಗೆ ಒಂದು ಹೆದರಿಕೆ ಹತ್ತಿತ್ತು, ಅದಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದಾನೆ. ನಿನಗೆ ಸಿಟ್ಟಿದ್ದರೆ ಇರಲಿ. ಯಾವ ಕೈಯಲ್ಲಿ ಬರೆಯಬೇಕು ಅನಿಸುತ್ತದೋ ಆ ಕೈಯಲ್ಲೇ ಬರೆ.

ಪಪ್ಪಾ


ಬಸವಕಲ್ಯಾಣ
18 ನವೆಂಬರ್ 2024

ಕಪಿಲ ಅವರಿಗೆ,

ನಿನ್ನೆ ಐತವಾರ ನೀವು ಬಂದು ಹೋದಿರಿ. ಐದರ ಬಸ್ಸಿಗೆ ಹೊರಡಬೇಕು ಎಂದು ನಾನು ಮೊದಲೇ ಹೇಳಿ ಕಳಿಸಿದ್ದೆ. ನಾಲ್ಕೂಮುಕ್ಕಾಲಿಗೇ ಎದ್ದಿರಿ. ನೀವು ನೋಡದ ಕೆಲವು ಸಂಗತಿಗಳಿವೆ, ಅದಕ್ಕೇ ಈ ಕಾಗದ.

ಚೀಟಿಯನ್ನು ನಾನು ವಾರವೆಲ್ಲ ಇಟ್ಟುಕೊಂಡು ಆಮೇಲೆ ಕೊಟ್ಟೆ. ಅವಳೇ ಕೂಡಿಸಿ ಕೂಡಿಸಿ ಓದಿದಳು. “ಹಂಗಾರ ಪಪ್ಪಾ ಹೋಗಿದ್ದು ನಾ ಚೆಂಡಿನ ಹಿಂದ ಓಡಿದ್ದಕ್ಕ ಅಲ್ಲಾ?” ಎಂದಳು. ಐದು ತಿಂಗಳು ಅವಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ನಾನು ದಿನವೂ ಅವಳ ತಲೆ ಬಾಚುತ್ತೇನೆ, ಡಬ್ಬಿ ಕಟ್ಟುತ್ತೇನೆ. ನನಗೆ ಗೊತ್ತಾಗಿರಲಿಲ್ಲ.

ನಿನ್ನೆ ನೀವು ಬಂದಾಗ ನಾನು ಅಡುಗೆಮನೆಯಲ್ಲಿ ಬೇಕೆಂದೇ ಉಳಿದೆ. ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವಳು ಬಾಗಿಲ ಪರದೆಯ ಹಿಂದೆ ನಿಂತಿದ್ದಳು. ನೀವು ಹತ್ತಿರ ಹೋಗಲಿಲ್ಲ. ನೆಲದ ಮೇಲೆ ಕೂತಿರಿ.

“ಕೈ ನೋಡ್ಲ್ಯಾ? ಮುಟ್ಟಲ್ಯಾ?” ಎಂದು ಕೇಳಿದಿರಿ.

“ಇವತ್ತ ಬ್ಯಾಡ,” ಎಂದಳು.

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮುಂದೆ ಏನಾಗುತ್ತದೆ ಎಂದು ನನ್ನ ಉಸಿರು ಮತ್ತೆ ಸಿಕ್ಕಿಕೊಂಡಿತು. ನೀವು “ಆಯ್ತು” ಎಂದಿರಿ. ಧ್ವನಿ ಏರಲಿಲ್ಲ, ಅಳು ತರಲಿಲ್ಲ, “ಯಾಕ” ಎಂದೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ತಾನೇ ಹೊರಗೆ ಬಂದು ನಿಮ್ಮಿಂದ ಎರಡು ಮೊಳ ದೂರದಲ್ಲಿ ಕೂತು, ಎಡಗೈಯಲ್ಲಿ ತನ್ನ ಹೆಸರು ಬರೆದು ತೋರಿಸಿದಳು. ಹೂರಣ ಒಲೆಯ ಮೇಲೆ ತಳ ಹತ್ತಿದ್ದು ಅದಕ್ಕೇ. ನೀವು ಏನೂ ಹೇಳದೆ ಉಂಡಿರಿ.

ನೀವು ಹೋದ ಮೇಲೆ ಓಣಿಯ ತುದಿ ತನಕ ನೋಡುತ್ತ ನಿಂತಿದ್ದಳು. ನಾನು ಕೇಳಬಾರದಿತ್ತು, ಕೇಳಿದೆ. “ಮುಂದಿನ ಐತವಾರ ಪಪ್ಪಾ ಬಂದ್ರ ಕೈ ಮುಟ್ಟಲಿಕ್ಕ ಹೂಂ ಅಂತೀಯೇನು?”

“ಆವಾಗ ನನಗ ಹೂಂ ಅನ್ಸಿದ್ರ ಹೂಂ ಅಂತೀನಿ. ಇಲ್ಲಾಂದ್ರ ಇಲ್ಲ. ಪಪ್ಪಾಗ ಕೇಳಾಕ ಹೇಳು,” ಎಂದಳು.

ಮುಂದಿನ ಐತವಾರ ಬನ್ನಿ. ಬಂದು ಕೇಳಿ. ನನ್ನ ಉತ್ತರವೂ ಅದೇ.

ಪೂನಂ